‘ಏನೂ ಕಾಣ್ತಿಲ್ಲ ಸರ್’

ಮಂಗಳವಾರ ರಾತ್ರಿ ಎಮರ್ಜೆನ್ಸಿಯಲ್ಲಿ ಕೇಳಿದ ಈ ಮಾತು ಇನ್ನೂ ಕಿವಿ ಬಿಟ್ಟು ಹೋಗಿಲ್ಲ.

ಬೈಕ್ ಆಕ್ಸಿಡೆಂಟ್ ಕೇಸ್. ಚಿಕ್ಕ ವಯಸ್ಸಿನ ಹುಡುಗ. ಮೈಮೇಲೆ ಅಂಥ ದೊಡ್ಡ ಗಾಯವೇನೂ ಇರಲಿಲ್ಲ, ಆದರೆ ಬಿಪಿ ಇಳಿಯುತ್ತಲೇ ಇತ್ತು. ಮೊದಲ ವರ್ಷದ ಪಿಜಿ ಹುಡುಗಿ ಅಲ್ಟ್ರಾಸೌಂಡ್ ಪ್ರೋಬ್ ಹಿಡಿದು ‘ಫಾಸ್ಟ್’ ಅನ್ನುವ ಸ್ಕ್ಯಾನ್ ಮಾಡುತ್ತಿದ್ದಳು. ಒಳಗೆ ರಕ್ತ ಸೋರಿದೆಯಾ ಅಂತ ನಾಲ್ಕು ಕಡೆ ನೋಡುವ ಸ್ಕ್ಯಾನ್ ಅದು. ಲಿವರ್ ಮತ್ತು ಬಲಗಡೆ ಕಿಡ್ನಿಯ ನಡುವೆ, ಸ್ಪ್ಲೀನ್ ಸುತ್ತ, ಕಿಬ್ಬೊಟ್ಟೆಯಲ್ಲಿ, ಹೃದಯದ ಸುತ್ತ. ಸೋರಿದ ರಕ್ತ ಸ್ಕ್ರೀನ್ ಮೇಲೆ ಕಪ್ಪಗೆ ಕಾಣುತ್ತದೆ. ಪಕ್ಕೆಲುಬಿನ ನೆರಳೂ ಕಪ್ಪೇ. ಹೊಸಬರು ಎಡವುವುದು ಇಲ್ಲೇ.

‘ಏನೂ ಕಾಣ್ತಿಲ್ಲ ಸರ್’ ಅಂದಳು.

‘ಸರಿ, ಹೊಟ್ಟೆ ಕ್ಲಿಯರ್. ಸಿಟಿ ಸ್ಕ್ಯಾನಿಗೆ ಕಳಿಸಿ’ ಅಂದರು ಸರ್ಜನ್. ಟ್ರಾಲಿ ಹೊರಡಬೇಕು, ಅಷ್ಟರಲ್ಲಿ ಡ್ಯೂಟಿಯಲ್ಲಿದ್ದ ಸಿಸ್ಟರ್ ಕೇಳಿದರು: ‘ಡಾಕ್ಟ್ರೇ, ಕಾಣ್ತಿಲ್ಲ ಅಂದ್ರೆ ರಕ್ತ ಇಲ್ಲ ಅಂತಾನಾ, ನಿಮಗೆ ಕಾಣ್ತಿಲ್ಲ ಅಂತಾನಾ?’

ಹುಡುಗಿ ಸುಮ್ಮನಾದಳು. ಆಮೇಲೆ ಮೆಲ್ಲಗೆ, ‘ಕಿಡ್ನಿನೇ ಸಿಕ್ಕಿಲ್ಲ ಸಿಸ್ಟರ್.’

ನಾನು ಪ್ರೋಬ್ ಕಿತ್ತುಕೊಳ್ಳಲಿಲ್ಲ. ಅವಳ ಕೈಮೇಲೆ ಕೈ ಇಟ್ಟೆ. ಒಂದು ಪಕ್ಕೆಲುಬಿನ ಸಂದಿನಷ್ಟು ಮೇಲೆ, ಸ್ವಲ್ಪ ಬೆನ್ನಿನ ಕಡೆಗೆ, ಪ್ರೋಬ್ ತುಸು ಓರೆ ಮಾಡಿ. ನೆರಳು ಸರಿಯಿತು, ಕಿಡ್ನಿ ಬಂತು. ಲಿವರ್‌ನ ಕೆಳ ತುದಿಯ ಹತ್ತಿರ ಬೆರಳಗಲ ಕಪ್ಪು ಪಟ್ಟಿ. ಸಿಟಿ ಸ್ಕ್ಯಾನ್ ಬದಲು ಹುಡುಗ ನೇರ ಆಪರೇಷನ್ ಥಿಯೇಟರಿಗೆ ಹೋದ. ಗುರುವಾರದ ಹೊತ್ತಿಗೆ ಐಸಿಯುನಲ್ಲಿ ಎದ್ದು ಕೂತಿದ್ದ.

ಆ ಸರ್ಜನ್ ಕೈ ತುಂಬ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೇಳಿಸಿಕೊಳ್ಳುವ ತಾಳ್ಮೆ ಕಡಿಮೆ. ಆಮೇಲೆ ಕಾರಿಡಾರಿನಲ್ಲಿ ಎಲ್ಲರೆದುರು ಹುಡುಗಿಯನ್ನು ಬೈದರು. ನನಗೆ ಅದು ಸರಿ ಅನ್ನಿಸಲಿಲ್ಲ. ಅವಳು ಸುಳ್ಳು ಹೇಳಿರಲಿಲ್ಲ. ಅವಳಿಗೆ ನಿಜವಾಗಿಯೂ ಏನೂ ಕಂಡಿರಲಿಲ್ಲ. ನಾವೆಲ್ಲ ನಮಗೆ ಬೇಕಾದ ಹಾಗೆ ಕೇಳಿಸಿಕೊಂಡೆವು. ನಾನೂ ಅಲ್ಲೇ ನಿಂತಿದ್ದೆ, ನಾನು ಕೇಳಬೇಕಾದ ಪ್ರಶ್ನೆಯನ್ನು ಸಿಸ್ಟರ್ ಕೇಳಿದರು.

ಅಲ್ಟ್ರಾಸೌಂಡ್ ಹೇಗೆ ಕಲಿಸಬೇಕು ಅನ್ನುವುದೇ ನನ್ನ ಸಂಶೋಧನೆ. ಅದಕ್ಕೇ ಇದು ಜಾಸ್ತಿ ಚುಚ್ಚಿತು. ಅಮೆರಿಕದ ಎಮರ್ಜೆನ್ಸಿ ವೈದ್ಯರ ಸಂಘದ ಮಾರ್ಗಸೂಚಿ ಒಂದೊಂದು ಬಗೆಯ ಸ್ಕ್ಯಾನಿಗೆ 25ರಿಂದ 50 ಮಾಡಿರಬೇಕು ಅನ್ನುತ್ತದೆ. ನಾವೂ ಹಾಗೇ ಎಣಿಸುತ್ತೇವೆ. ಅವಳ ಲಾಗ್‌ಬುಕ್ ತೆಗೆದು ನೋಡಿದೆ, 31 ಆಗಿತ್ತು. ಅರ್ಧಕ್ಕೂ ಹೆಚ್ಚು ಕಡೆ ನನ್ನದೇ ಸಹಿ. ನಮ್ಮ ಫಾರಂನಲ್ಲಿ ಎರಡೇ ಚೌಕ: ಪಾಸಿಟಿವ್, ನೆಗೆಟಿವ್. ‘ಸರಿಯಾಗಿ ಕಾಣಲಿಲ್ಲ’ ಅನ್ನಲು ಜಾಗವೇ ಇಲ್ಲ. 31 ಸಲವೂ ಅವಳು ಎರಡರಲ್ಲಿ ಒಂದಕ್ಕೆ ಟಿಕ್ ಹಾಕಲೇಬೇಕಿತ್ತು, ಅಲ್ವಾ? ಕಾಣದಿದ್ದಾಗ ಹಾಗಂತ ಹೇಳುವುದನ್ನು ನಾವು ಒಂದು ಸಲವೂ ಕಲಿಸಿರಲಿಲ್ಲ.

ಹೊಟ್ಟೆಯೊಳಗೆ ಕಾಲು ಲೀಟರಿಗಿಂತ ಕಡಿಮೆ ರಕ್ತ ಇದ್ದರೆ ಪಳಗಿದ ಕೈಗೂ ತಪ್ಪಿಹೋಗಬಹುದು. ಅದಕ್ಕೇ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡುತ್ತೇವೆ. ನೆಗೆಟಿವ್ ಅನ್ನುವುದು ಆ ಗಳಿಗೆಯ ಮಾತು ಅಷ್ಟೇ.

ಹೃದಯ ನಿಂತವರ ವಿಷಯದಲ್ಲಿ ಇದು ಇನ್ನೂ ಕಠಿಣ. ಎದೆ ಒತ್ತುವುದನ್ನು ನಿಲ್ಲಿಸಿ ನಾಡಿ ನೋಡಲು ಇರುವುದು 10 ಸೆಕೆಂಡ್. 2017ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಅಲ್ಟ್ರಾಸೌಂಡ್ ಇಲ್ಲದೆ ಆ ಬಿಡುವು ಸರಾಸರಿ 13 ಸೆಕೆಂಡ್ ಆಗಿತ್ತು, ಹೃದಯ ಮಿಡಿಯುತ್ತಿದೆಯಾ ಅಂತ ಅಲ್ಟ್ರಾಸೌಂಡ್ ಇಟ್ಟಾಗ 21. ಜೀವ ಉಳಿಸಲೆಂದು ತಂದ ಮಷಿನ್ ಎದುರು ಎಲ್ಲರೂ ಸ್ಕ್ರೀನ್ ನೋಡುತ್ತಾ ನಿಂತುಬಿಡುತ್ತಾರೆ. ಇನ್ನೊಂಚೂರು ನೋಡಿದರೆ ಕಂಡೀತು ಅನ್ನುವ ಆಸೆ. ಈಗ ನಾವು ಹೇಳಿಕೊಡುವುದು ಬೇರೆ: ಎದೆ ಒತ್ತುತ್ತಿರುವಾಗಲೇ ಪ್ರೋಬ್ ಜಾಗಕ್ಕೆ ಇಟ್ಟುಕೋ, ಬಿಡುವಿನಲ್ಲಿ ಕ್ಲಿಪ್ ರೆಕಾರ್ಡ್ ಮಾಡು, ಕೈ ಮತ್ತೆ ಎದೆ ಮೇಲೆ ಬಂದ ನಂತರ ಕ್ಲಿಪ್ ನೋಡು. ಒಬ್ಬರು ಗಟ್ಟಿಯಾಗಿ ಸೆಕೆಂಡ್ ಎಣಿಸಲಿ. ಹತ್ತು ಅಂದಾಗ ‘ಕಾಣಲಿಲ್ಲ, ಒತ್ತಿ’ ಅನ್ನಲು ಧೈರ್ಯ ಬೇಕು. ಅದು ಕಲಿಸದೆ ಬರುವುದಿಲ್ಲ.

ಬುಧವಾರ ಫಾರಂನಲ್ಲಿ ಮೂರನೇ ಚೌಕ ಸೇರಿಸಿದೆವು. ಅದರ ಪಕ್ಕ ಒಂದು ಗೆರೆ: ಯಾಕೆ ಕಾಣಲಿಲ್ಲ? ಗ್ಯಾಸಾ, ಪಕ್ಕೆಲುಬಾ, ರೋಗಿ ಮಿಸುಕಾಡಿದರಾ?

ಶುಕ್ರವಾರ ಅದೇ ಹುಡುಗಿ ಕ್ಲಾಸಿನಲ್ಲಿ ಸಹಪಾಠಿಯೊಬ್ಬನ ಹೊಟ್ಟೆ ಮೇಲೆ ಪ್ರೋಬ್ ಇಟ್ಟಳು. ಜೆಲ್ ತಣ್ಣಗಿತ್ತೋ ಏನೋ, ಅವನು ಬೆಚ್ಚಿದ. ಸ್ಕ್ರೀನ್ ಪೂರ್ತಿ ನೆರಳು. ಕೋಣೆಯಲ್ಲಿ ಹನ್ನೆರಡು ಜನ, ಎಲ್ಲರ ಕಣ್ಣೂ ಅವಳ ಮೇಲೆ.

‘ಕಿಡ್ನಿ ಸಿಕ್ಕಿಲ್ಲ ಸರ್. ಪಕ್ಕೆಲುಬು ಅಡ್ಡ ಇದೆ. ಒಂದು ಸಂದು ಮೇಲೆ ಹೋಗ್ತೀನಿ’ ಅಂದಳು. ಧ್ವನಿ ಮೆಲ್ಲಗಿರಲಿಲ್ಲ.