ಹಳೆಯ ಪದ್ಧತಿಯ ರಿಯೋಹಾ ವೈನ್ ಸವಿಯಲು ಆರೋ ಊರಿಗೆ ಹೋಗುವವರಿಗೆ

ಸ್ಪೇನಿನ ರಿಯೋಹಾಕ್ಕೆ ವೈನ್‌ಗಾಗಿಯೇ ಹೋಗುವುದಾದರೆ ಆರೋ ಎಂಬ ಸಣ್ಣ ಊರಿನಲ್ಲಿ ಉಳಿದುಕೊಳ್ಳಿ. ಬಿಲ್ಬಾವೊ ನಗರದಿಂದ ಸುಮಾರು 100 ಕಿ.ಮೀ., ಬಸ್ ಇದೆ. ಕಾರು ಬೇಡವೇ ಬೇಡ. ಕುಡಿದು ಓಡಿಸುವಂತಿಲ್ಲ, ಓಡಿಸುವ ಅಗತ್ಯವೂ ಇಲ್ಲ. ಹೆಸರಾಂತ ಬೊದೇಗಾಗಳೆಲ್ಲ, ಅಂದರೆ ವೈನ್ ತಯಾರಿಸುವ ಮನೆತನಗಳು, ರೈಲು ನಿಲ್ದಾಣದ ಸುತ್ತಲೇ ಇವೆ. ಒಂದರ ಬಾಗಿಲಿನಿಂದ ಇನ್ನೊಂದರ ಬಾಗಿಲಿಗೆ ನಡೆದೇ ಹೋಗಬಹುದು.

ನಿಲ್ದಾಣದ ಪಕ್ಕದಲ್ಲೇ ಏಕೆ? 19ನೇ ಶತಮಾನದಲ್ಲಿ ಫಿಲೊಕ್ಸೆರಾ ಎಂಬ ಕೀಟ ಫ್ರಾನ್ಸಿನ ದ್ರಾಕ್ಷಿತೋಟಗಳನ್ನು ಹಾಳುಮಾಡಿತು. ಅಲ್ಲಿನ ಬೋರ್ಡೊ ಪ್ರದೇಶದ ವ್ಯಾಪಾರಿಗಳು ವೈನ್ ಅರಸಿ ಇಲ್ಲಿಗೆ ಬಂದರು. ಪೀಪಾಯಿಗಳನ್ನು ಸಾಗಿಸಲು ರೈಲಿತ್ತು. ಇಲ್ಲಿನ ಬೊದೇಗಾಗಳಲ್ಲಿ ಲೋಪೆಸ್ ದೆ ಎರೇದಿಯಾ 1877ರಲ್ಲಿ, ಕೂನೆ 1879ರಲ್ಲಿ, ಲಾ ರಿಯೋಹಾ ಆಲ್ತಾ 1890ರಲ್ಲಿ ಆರಂಭವಾದವು. 225 ಲೀಟರಿನ ಓಕ್ ಪೀಪಾಯಿ ಬೋರ್ಡೊದವರಿಂದ ಕಲಿತದ್ದು. ಮರ ಮಾತ್ರ ಹೆಚ್ಚಾಗಿ ಅಮೆರಿಕದ್ದು.

ಭೇಟಿಯನ್ನು ಮುಂಚಿತವಾಗಿ ಕಾಯ್ದಿರಿಸಿ. ಮಧ್ಯಾಹ್ನ ಎರಡರ ನಂತರ ಊರು ಊಟಕ್ಕೆ ಕೂರುತ್ತದೆ, ಹಾಗಾಗಿ ಬೆಳಗಿನ ಹೊತ್ತೇ ಒಳ್ಳೆಯದು. ಜೂನ್ 29ರಂದು ಜನ ಪರಸ್ಪರ ವೈನ್ ಎರಚಾಡುವ ಹಬ್ಬವಿದೆ. ಆ ವಾರ ಕೋಣೆ ಸಿಗುವುದು ಕಷ್ಟ.

ಒಂದೇ ಕಡೆ ಹೋಗಲು ಸಮಯವಿದ್ದರೆ, ಪೀಪಾಯಿ ಮಾಡುವ ಕಾರ್ಯಾಗಾರ ತನ್ನಲ್ಲೇ ಇರುವ ಮನೆತನವನ್ನು ಆರಿಸಿ. ಲೋಪೆಸ್ ದೆ ಎರೇದಿಯಾ ಮತ್ತು ಮೂಗಾ ಎರಡರಲ್ಲೂ ಇದೆ. ಲೋಪೆಸ್ ದೆ ಎರೇದಿಯಾದ ನೆಲಮಾಳಿಗೆಯ ಗೋಡೆಗಳಿಗೆ ಬೂಸ್ಟು ದಪ್ಪಗೆ ಹತ್ತಿದೆ, ಜೇಡರಬಲೆಗಳು ಜೋತುಬಿದ್ದಿವೆ. ಅದನ್ನು ಕೊಳಕೆಂದುಕೊಳ್ಳಬೇಡಿ, ಅವರು ಬೇಕೆಂದೇ ಉಳಿಸಿಕೊಂಡದ್ದು.

ಹಳೆಯ ಪದ್ಧತಿಯಲ್ಲಿ ವೈನನ್ನು ಆಗಾಗ ಒಂದು ಪೀಪಾಯಿಯಿಂದ ಇನ್ನೊಂದಕ್ಕೆ ಇಳಿಸುತ್ತಾರೆ. ತಳದ ಗಷ್ಟು ಹಿಂದೆ ಉಳಿಯುತ್ತದೆ. ಹರಿಯುವ ವೈನನ್ನು ಗ್ಲಾಸಿನಲ್ಲಿ ಹಿಡಿದು, ಹಿಂದೆ ಮೇಣದಬತ್ತಿ ಇಟ್ಟು ನೋಡುತ್ತಾರೆ. ಕಲಕು ಕಂಡ ಕ್ಷಣ ನಿಲ್ಲಿಸುತ್ತಾರೆ. ಮೂಗಾದಲ್ಲಿ ವೈನ್ ತಿಳಿಗೊಳಿಸಲು ತಾಜಾ ಮೊಟ್ಟೆಯ ಬಿಳಿಯನ್ನು ಬಳಸುತ್ತಾರೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಪ್ರತಿ ಮನೆತನದಲ್ಲೂ ಇದನ್ನು ಕೇಳಿಯೇ ಕುಡಿಯುವುದು ಒಳ್ಳೆಯದು.

ಇನ್ನು ವರ್ಷದ ವಿಚಾರ. ರಿಯೋಹಾದ ನಿಯಂತ್ರಣ ಮಂಡಳಿ ಪ್ರತಿ ಫಸಲಿಗೂ ದರ್ಜೆ ಕೊಡುತ್ತದೆ. 2001, 2004, 2005, 2010, 2011 ಇವೆಲ್ಲ 'ಅತ್ಯುತ್ತಮ'. ನಾನು ಮನಸಾರೆ ಶಿಫಾರಸು ಮಾಡುವುದು ಲಾ ರಿಯೋಹಾ ಆಲ್ತಾದ 2010ರ 'ಗ್ರಾನ್ ರೆಸೆರ್ವಾ 904'. ಟೆಂಪ್ರಾನಿಯೊ ದ್ರಾಕ್ಷಿಗೆ ಸ್ವಲ್ಪ ಗ್ರಾಸಿಯಾನೊ ಬೆರೆಸಿ, ನಾಲ್ಕು ವರ್ಷ ಅಮೆರಿಕನ್ ಓಕ್‌ನಲ್ಲಿಟ್ಟದ್ದು. ಗ್ಲಾಸನ್ನು ಬಿಳಿ ಕಾಗದದ ಮೇಲೆ ಓರೆ ಮಾಡಿದರೆ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿರುವುದು ಕಾಣುತ್ತದೆ. ಮೊದಲು ಒಣ ಚೆರ್ರಿ, ಹೊಗೆಸೊಪ್ಪು; ಸ್ವಲ್ಪ ಹೊತ್ತು ಬಿಟ್ಟರೆ ವೆನಿಲ್ಲಾ, ಕೊಬ್ಬರಿಯ ವಾಸನೆ ಮೇಲೇಳುತ್ತದೆ. ಬಾಯಲ್ಲಿ ಭಾರವೆನಿಸುವುದಿಲ್ಲ, ಹುಳಿ ಇನ್ನೂ ಚುರುಕಾಗಿದೆ. ಗಾಢ ಬಣ್ಣ, ದಪ್ಪ ರುಚಿಯ ವೈನ್ ಇಷ್ಟಪಡುವವರಿಗೆ ಮೊದಲ ಗುಟುಕು ತೆಳುವೆನಿಸಬಹುದು. ಅವಸರಪಡದೆ ಊಟದ ಜೊತೆಗೆ ಕುಡಿಯಿರಿ.

ಕೊಳ್ಳುವಾಗ ಬಾಟಲಿಯ ಹಿಂಬದಿಯ ಸಣ್ಣ ಮುದ್ರೆ ನೋಡಿ, ವೈನ್ ಎಷ್ಟು ಕಾಲ ಮಾಗಿದೆ ಎಂದು ಅದರ ಬಣ್ಣ ಹೇಳುತ್ತದೆ: ಕಡಿಮೆ ಮಾಗಿದ ಕ್ರಿಯಾನ್ಸಾಗೆ ಕೆಂಪು, ಇನ್ನಷ್ಟು ಮಾಗಿದ ರೆಸೆರ್ವಾಗೆ ಕಡುಗೆಂಪು, ಎಲ್ಲಕ್ಕಿಂತ ಹೆಚ್ಚು ಮಾಗಿದ ಗ್ರಾನ್ ರೆಸೆರ್ವಾಗೆ ನೀಲಿ. ನೀಲಿ ಮುದ್ರೆಯ ಕೆಂಪು ವೈನ್ ಕನಿಷ್ಠ ಐದು ವರ್ಷ ಮಾಗಿರಲೇಬೇಕು, ಅದರಲ್ಲಿ ಎರಡು ವರ್ಷ ಓಕ್‌ನಲ್ಲಿ. ದುಬಾರಿ ಎನಿಸಿದರೆ ಒಳ್ಳೆಯ ವರ್ಷದ ರೆಸೆರ್ವಾ ಕೊಳ್ಳಿ, ನಿರಾಸೆಯಾಗುವುದಿಲ್ಲ.

ಊಟಕ್ಕೆ ಲಾ ಎರ್ರಾದೂರಾ ಬೀದಿಗಳ ಬಾರ್‌ಗಳಿವೆ. ಸ್ಥಳೀಯ ಆಲೂಗೆಡ್ಡೆ ಸಾರಿನಲ್ಲಿ ಹಂದಿಮಾಂಸದ ಚೊರೀಸೊ ಇರುತ್ತದೆ, ಎಚ್ಚರ. ಹುರಿದ ಕೆಂಪು ಮೆಣಸಿನಕಾಯಿ, ಅಣಬೆ ಸಿಗುತ್ತವೆ.

ಭಾರತಕ್ಕೆ ಸುಂಕವಿಲ್ಲದೆ ತರಬಹುದಾದ ಮದ್ಯ ಎರಡು ಲೀಟರ್, ಅಂದರೆ 750 ಮಿ.ಲೀ.ನ ಬಾಟಲಿಯಾದರೆ ಎರಡೇ. ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಪೆಟ್ಟಿಗೆಯಲ್ಲಿಡಿ. ಮನೆಗೆ ಬಂದ ಮೇಲೆ ತಂಪಾದ ಕತ್ತಲೆ ಜಾಗದಲ್ಲಿ ಮಲಗಿಸಿಡಿ, ಅಡುಗೆಮನೆಯ ಕಪಾಟು ಬೇಡ. ತೆರೆಯುವ ಹಿಂದಿನ ದಿನ ನೇರವಾಗಿ ನಿಲ್ಲಿಸಿ, ಗಷ್ಟು ತಳಕ್ಕಿಳಿಯಲಿ. ಬಗ್ಗಿಸುವಾಗ ಕೊನೆಯ ಎರಡು ಬೆರಳಿನಷ್ಟನ್ನು ಬಾಟಲಿಯಲ್ಲೇ ಬಿಟ್ಟುಬಿಡಿ.