ರಬ್ಬರ್ ಬೋಟಿನ ಔಟ್‌ಬೋರ್ಡ್‌ಗೆ ಸ್ಟಿಯರಿಂಗ್ ವೀಲ್: ಕೆಲಸ ಹಿಂದಿನಿಂದ ಶುರುವಾಗಲಿ

ಟಿಲ್ಲರ್, ಅಂದರೆ ಹಿಂದೆ ತೂಗುಹಾಕಿದ ಔಟ್‌ಬೋರ್ಡ್ ಇಂಜಿನ್ನಿನ ಹಿಡಿಕೋಲು, ಹಿಡಿದು ಓಡಿಸುವ ರಬ್ಬರ್ ಬೋಟಿಗೆ ವೀಲ್ ಹಾಕಬೇಕೆಂದು ಹೊರಟವರು ಮೊದಲು ಕೊಳ್ಳುವುದು ವೀಲು, ಅದನ್ನು ಕೂರಿಸುವ ಕನ್ಸೋಲು. ಎರಡನ್ನೂ ನೆಲಕ್ಕೆ ಬಿಗಿದಾದ ಮೇಲೆ ಕೇಬಲ್ ಹಿಡಿದುಕೊಂಡು ಇಂಜಿನ್ ಹತ್ತಿರ ಹೋಗುತ್ತಾರೆ. ಕೇಬಲ್ ಬಾಗಿ ಬರಬೇಕಾದ ಜಾಗದಲ್ಲಿ ಅಲ್ಲಿ ದಪ್ಪನೆಯ ಗಾಳಿ ಟ್ಯೂಬ್ ಕೂತಿರುತ್ತದೆ. ಫೈಬರ್ ಬೋಟಿನ ಟ್ರಾನ್ಸಮ್ (ಇಂಜಿನ್ ತೂಗುವ ಹಿಂದಿನ ಹಲಗೆ) ಹೆಚ್ಚುಕಡಿಮೆ ಬೋಟಿನಷ್ಟೇ ಅಗಲ. ರಬ್ಬರ್ ಬೋಟಿನದು ಎರಡು ಟ್ಯೂಬುಗಳ ನಡುವಿನ ಗಿಡ್ಡ ಹಲಗೆ. ಹಾಗಾಗಿ ಈ ಕೆಲಸವನ್ನು ಹಿಂದಿನಿಂದ ಮುಂದಕ್ಕೆ ಮಾಡಿಕೊಂಡು ಬರಬೇಕು. ಮೊದಲು ಇಂಜಿನ್, ಆಮೇಲೆ ಕೇಬಲ್ ಹೋಗುವ ದಾರಿ, ಎಲ್ಲಕ್ಕಿಂತ ಕೊನೆಗೆ ವೀಲ್.

ಇಂಜಿನ್ನಿನಲ್ಲಿ ನೋಡಬೇಕಾದದ್ದು ಟಿಲ್ಟ್ ಟ್ಯೂಬ್. ಇಂಜಿನ್ನನ್ನು ನೀರಿನಿಂದ ಮೇಲೆತ್ತುವಾಗ ಯಾವ ಅಡ್ಡ ಕೊಳವೆಯ ಮೇಲೆ ಅದು ತಿರುಗುತ್ತದೋ, ಅದೇ. ಸಾಮಾನ್ಯವಾಗಿ ಒಳವ್ಯಾಸ 16 ಮಿ.ಮೀ., ತುದಿಯ ಮರೆ (ತಿರುಪಿನ ಸುತ್ತು) 7/8 ಇಂಚು, ಇಂಚಿಗೆ 14 ಸುತ್ತು. ಸ್ಟಿಯರಿಂಗ್ ಕೇಬಲ್‌ನ ಉಕ್ಕಿನ ರಾಮ್, ಅಂದರೆ ತುದಿಯ ಸರಳು, ಇದರೊಳಗೆ ತೂರಿ ಆಚೆ ಬದಿಯಲ್ಲಿ ಹೊರಬರುತ್ತದೆ. ಅದರ ತುದಿಗೆ ಲಿಂಕ್ ಆರ್ಮ್ ಸಿಕ್ಕಿಸಿ ಇಂಜಿನ್ನಿನ ಸ್ಟಿಯರಿಂಗ್ ಆರ್ಮ್‌ಗೆ ಜೋಡಿಸುತ್ತಾರೆ. ರಾಮ್ ಟಿಲ್ಟ್ ಆಗುವ ಅಚ್ಚಿನ ಮೇಲೆಯೇ ಇರುವುದರಿಂದ ಇಂಜಿನ್ ಮೇಲೆತ್ತಿದರೂ ಇಳಿಸಿದರೂ ಅಳತೆ ಬದಲಾಗುವುದಿಲ್ಲ. ಈ ವ್ಯವಸ್ಥೆಯ ಚೆಲುವೆಲ್ಲ ಇಷ್ಟರಲ್ಲೇ ಇದೆ.

ಹಲವು ಸಣ್ಣ ಇಂಜಿನ್‌ಗಳಲ್ಲಿ ಆ ಜಾಗದಲ್ಲಿ ಟೊಳ್ಳು ಕೊಳವೆ ಇರುವುದಿಲ್ಲ, ಗಟ್ಟಿ ಬೋಲ್ಟ್ ಇರುತ್ತದೆ. ಆಗ ಟ್ರಾನ್ಸಮ್ ಹಲಗೆಗೇ ಬಿಗಿಯುವ ಬ್ರಾಕೆಟ್ ಬಳಸಬೇಕು. ಅದು ಕೆಲಸ ಮಾಡುತ್ತದೆ, ಆದರೆ ಕೇಬಲ್ ಟಿಲ್ಟ್ ಅಚ್ಚಿನಿಂದ ದೂರವಿರುವುದರಿಂದ ಇಂಜಿನ್ ಎತ್ತಿದಾಗ ಲಿಂಕ್ ಆರ್ಮ್ ಎಳೆದುಕೊಳ್ಳುತ್ತದೆ. ಪೂರ್ತಿ ಎಡ, ಪೂರ್ತಿ ಬಲ, ಎರಡರಲ್ಲೂ ಇಂಜಿನ್ನನ್ನು ಮೇಲಿನವರೆಗೆ ಎತ್ತಿ ನೋಡದೆ ಆ ಬ್ರಾಕೆಟ್‌ಗೆ ರಂಧ್ರ ಕೊರೆಯಬೇಡಿ.

ಈಗ ಜಾಗದ ಲೆಕ್ಕ. ರಾಮ್‌ನ ಓಟ ಸುಮಾರು 228 ಮಿ.ಮೀ., ಅಂದರೆ 9 ಇಂಚು. ಅಷ್ಟು ಉದ್ದ, ಜೊತೆಗೆ ಲಿಂಕ್ ಆರ್ಮ್‌ನ ಮೂತಿಗೂ ಸ್ವಲ್ಪ ಸೇರಿಸಿ, ಆಚೆ ಬದಿಯಲ್ಲಿ ಖಾಲಿ ಇರಬೇಕು. ಈಚೆ ಬದಿಯಲ್ಲಿ ಕೇಬಲ್ ನಟ್ ದಾಟಿದ ತಕ್ಷಣ ಬಾಗಬಾರದು, ಸ್ವಲ್ಪ ದೂರ ನೇರ ಹೋಗಿ ಆಮೇಲೆ ಬಾಗಬೇಕು. ಬಾಗು 200 ಮಿ.ಮೀ. ತ್ರಿಜ್ಯಕ್ಕಿಂತ ಕಿರಿದಾಗಬಾರದು. ಇದನ್ನು ಕಣ್ಣಂದಾಜಿನಲ್ಲಿ ಬಿಡುವುದಕ್ಕಿಂತ ದಪ್ಪ ರಟ್ಟಿನಲ್ಲಿ 20 ಸೆಂ.ಮೀ. ತ್ರಿಜ್ಯದ ಕಾಲು ವೃತ್ತ ಕತ್ತರಿಸಿ ಇಂಜಿನ್ ಪಕ್ಕದಲ್ಲಿ ಹಿಡಿಯಿರಿ. ರಟ್ಟಿನ ಅಂಚು ಗಾಳಿ ಟ್ಯೂಬಿಗೆ ತಾಕಿದರೆ ಕೇಬಲ್ ಕೂಡ ತಾಕುತ್ತದೆ. ಕಿರಿದಾಗಿ ಬಾಗಿದ ಕೇಬಲ್ ಮೊದಲ ದಿನ ಬರೀ ಬಿಗಿ ಅನ್ನಿಸುತ್ತದೆ. ದಿನ ಕಳೆದಂತೆ ಒಳಗಿನ ತಂತಿ ಹೊದಿಕೆಯನ್ನು ಒಂದೇ ಕಡೆ ಉಜ್ಜಿ ಸವೆಸಿ ಕೊನೆಗೆ ಅಲ್ಲೇ ಕಚ್ಚಿಕೊಳ್ಳುತ್ತದೆ.

ಅಳತೆ ತೆಗೆಯುವಾಗ ಬೋಟು ಕೆಲಸದ ಒತ್ತಡದಲ್ಲಿ ಉಬ್ಬಿರಲೇಬೇಕು. ಮುಖ್ಯ ಟ್ಯೂಬುಗಳಿಗೆ ಸಾಮಾನ್ಯವಾಗಿ 0.2ರಿಂದ 0.25 ಬಾರ್, ನಿಮ್ಮ ಬೋಟಿನ ವಿವರ ಫಲಕದ ಮೇಲೆ ಬರೆದಿರುವುದೇ ಅಂತಿಮ. ಅರ್ಧ ಗಾಳಿಯಲ್ಲಿ ಅಳೆದರೆ ಟ್ಯೂಬು ಒಳಕ್ಕೆ ವಾಲಿರುತ್ತದೆ, ಟ್ರಾನ್ಸಮ್ ಕೂಡ ಹಿಂದಕ್ಕೆ ಬಾಗಿರುತ್ತದೆ. ಆ ಅಳತೆಗೆ ತಂದ ಕೇಬಲ್ ಗಾಳಿ ತುಂಬಿದ ದಿನ ಹೊಂದುವುದಿಲ್ಲ.

ಕೇಬಲ್ ಉದ್ದಕ್ಕೆ ಮೂರು ಅಳತೆ ಕೂಡಿಸಬೇಕು: ವೀಲಿನ ನಡುವಿನಿಂದ ಬದಿಗೆ, ಬದಿಯಲ್ಲೇ ಟ್ರಾನ್ಸಮ್‌ವರೆಗೆ, ಅಲ್ಲಿಂದ ಟಿಲ್ಟ್ ಟ್ಯೂಬಿನ ನಡುವಿಗೆ. ಪ್ರತಿ 90 ಡಿಗ್ರಿ ತಿರುವಿಗೆ 10 ಸೆಂ.ಮೀ. ಕಳೆದು, ಟಿಲ್ಟ್ ಟ್ಯೂಬಿನಲ್ಲಿ ಕೂರುವ ಭಾಗಕ್ಕೆ 15 ಸೆಂ.ಮೀ. ಕೂಡಿಸಿ. ಉದಾಹರಣೆಗೆ 60, 190, 70 ಸೇರಿ 320. ಎರಡು ತಿರುವಿಗೆ 20 ಕಳೆದರೆ 300, ಕೂಡಿಸಿದರೆ 315 ಸೆಂ.ಮೀ. ಅಂದರೆ 10 ಅಡಿಗಿಂತ ನಾಲ್ಕು ಇಂಚು ಜಾಸ್ತಿ. ಕೇಬಲ್ ಅಡಿ ಲೆಕ್ಕದಲ್ಲಿ ಬರುವುದರಿಂದ 11 ಅಡಿಯದ್ದು ತರಬೇಕು. ಇದು ರೋಟರಿ ಹೆಲ್ಮ್‌ನ (ವೀಲಿನ ಹಿಂದೆ ಕೂತು ಕೇಬಲ್ಲನ್ನು ನೂಕಿ ಎಳೆಯುವ ದುಂಡು ಗೇರ್ ಪೆಟ್ಟಿಗೆ) ಲೆಕ್ಕ. ರ್‍ಯಾಕ್ ಹೆಲ್ಮ್‌ಗೆ (ಹಲ್ಲಿನ ನೇರ ಪಟ್ಟಿ ಇರುವುದು) ಕೂಡಿಸುವ ಅಂಕಿ ಬೇರೆ. ಕೇಬಲ್ ಜೊತೆ ಬರುವ ಕೋಷ್ಟಕಕ್ಕೂ ಈ ಲೆಕ್ಕಕ್ಕೂ ವ್ಯತ್ಯಾಸ ಬಂದರೆ ಕೋಷ್ಟಕವನ್ನೇ ನಂಬಿ. ಉದ್ದ ಸ್ವಲ್ಪ ಜಾಸ್ತಿಯಾದರೆ ಬಾಗನ್ನು ಅಗಲ ಮಾಡಿ ಹೊಂದಿಸಬಹುದು, ಗಿಡ್ಡವಾದ ಕೇಬಲ್‌ಗೆ ಉಪಾಯವಿಲ್ಲ. ಹಾಗೆಂದು ಎರಡು ಮೂರು ಅಡಿ ಹೆಚ್ಚು ತಂದು ಸುತ್ತು ಹಾಕಿಟ್ಟರೆ ಪ್ರತಿ ಸುತ್ತೂ ಘರ್ಷಣೆ ಸೇರಿಸುತ್ತದೆ, ವೀಲಿನಲ್ಲಿ ಪ್ಲೇ, ಅಂದರೆ ಸಡಿಲ ಆಟ, ಹುಟ್ಟುತ್ತದೆ.

ಹೆಲ್ಮ್ ಮತ್ತು ಕೇಬಲ್ ಒಂದೇ ತಯಾರಕರದ್ದಾಗಿರಲಿ, ಬೇರೆ ಬೇರೆ ತಂದರೆ ಹಲ್ಲು ಕೂಡದೆ ಹೋಗಬಹುದು. ಆ ಕಿಟ್ ಎಷ್ಟು ಎಚ್‌ಪಿವರೆಗೆ ಎಂದು ಅದರ ಮೇಲೇ ಬರೆದಿರುತ್ತದೆ. ಹೆಲ್ಮ್‌ನಲ್ಲಿ ಸಾದಾ ಮತ್ತು ನೋ ಫೀಡ್‌ಬ್ಯಾಕ್ (ಇಂಜಿನ್ನಿನ ತಳ್ಳು ಬಲ ವೀಲಿಗೆ ಬರದಂತೆ ತಡೆಯುವುದು) ಎಂದು ಎರಡು ಬಗೆ. ಪ್ರೊಪೆಲ್ಲರ್ ತಿರುಗುವ ಬಲ ಇಂಜಿನ್ನನ್ನು ಸದಾ ಒಂದು ಕಡೆಗೆ ತಳ್ಳುತ್ತಿರುತ್ತದೆ. ಸಾದಾ ಹೆಲ್ಮ್ ಆ ಬಲವನ್ನು ನೇರ ಕೈಗೆ ದಾಟಿಸುತ್ತದೆ. ವೀಲ್ ಬಿಟ್ಟರೆ ಇಂಜಿನ್ ತಾನೇ ಹೊರಳಿ ಬೋಟು ಗಿರ್ರನೆ ತಿರುಗಬಹುದು. ಹಗುರವಾದ ರಬ್ಬರ್ ಬೋಟಿನಲ್ಲಿ ಇದರಿಂದ ಜನ ನೀರಿಗೆ ಬೀಳುತ್ತಾರೆ. 20 ಎಚ್‌ಪಿ ದಾಟಿದ ಮೇಲೆ ನೋ ಫೀಡ್‌ಬ್ಯಾಕ್ ಬಿಟ್ಟು ಬೇರೆ ಯೋಚಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಗ್ಗ ಮತ್ತು ರಾಟೆಯ ಹಳೆಯ ಪದ್ಧತಿ ಇಲ್ಲಿಗೆ ಸಲ್ಲ: ಟ್ಯೂಬಿನ ಗಾಳಿ ಇಳಿದಂತೆ ಹಗ್ಗವೂ ಸಡಿಲವಾಗುತ್ತದೆ. ಹೈಡ್ರಾಲಿಕ್ ದೊಡ್ಡ ಇಂಜಿನ್‌ಗೆ ಸರಿ. ಆಗಾಗ ಇಂಜಿನ್ ಬಿಚ್ಚಿ ಒಯ್ಯುವವರಿಗೆ ಎಣ್ಣೆ ಪೈಪು ಬಿಚ್ಚಿ ಮತ್ತೆ ಗಾಳಿ ತೆಗೆಯುವುದೇ ಒಂದು ಕೆಲಸವಾಗುತ್ತದೆ.

ದಿಕ್ಕನ್ನು ಕೊರೆಯುವ ಮೊದಲೇ ಪರೀಕ್ಷಿಸಿ. ಬಲಬದಿಯಿಂದ ಕೇಬಲ್ ಒಳಹೊಕ್ಕರೆ ರಾಮ್ ಎಡಕ್ಕೆ ಚಾಚುತ್ತದೆ, ಸ್ಟಿಯರಿಂಗ್ ಆರ್ಮನ್ನು ಎಡಕ್ಕೆ ಎಳೆಯುತ್ತದೆ, ಪ್ರೊಪೆಲ್ಲರ್ ಬಲಕ್ಕೆ ಹೋಗುತ್ತದೆ, ಬೋಟು ಬಲಕ್ಕೆ ತಿರುಗುತ್ತದೆ. ಅಂದರೆ ವೀಲ್ ಬಲಕ್ಕೆ ತಿರುಗಿಸಿದಾಗ ರಾಮ್ ಹೊರಕ್ಕೆ ಬರಬೇಕು. ಒಳಕ್ಕೆ ಹೋದರೆ ಕೇಬಲ್ ಹೆಲ್ಮ್‌ನ ತಪ್ಪು ಬದಿಯಿಂದ ಹೊರಟಿದೆ ಎಂದರ್ಥ. ಬಹಳಷ್ಟು ರೋಟರಿ ಹೆಲ್ಮ್‌ಗಳಲ್ಲಿ ಕೇಬಲ್ಲನ್ನು ಮೇಲಿನಿಂದಲೂ ಕೆಳಗಿನಿಂದಲೂ ಹಾಕಬಹುದು, ಅದನ್ನು ಬದಲಿಸಿದರೆ ಸಾಕು. ಎಡಬದಿಯಿಂದ ಕೇಬಲ್ ತರುವುದಾದರೆ ಈ ಲೆಕ್ಕವೆಲ್ಲ ತಿರುಗುಮುರುಗು.

ಕನ್ಸೋಲ್ ಎಲ್ಲಿ ಕೂರಬೇಕು? ಗಾಳಿ ನೆಲದ ಮೇಲಂತೂ ಬೇಡ, ಅದು ಪ್ರತಿ ಅಲೆಗೂ ಅಲುಗುತ್ತದೆ. ಪ್ಲೈವುಡ್ ಅಥವಾ ಅಲ್ಯೂಮಿನಿಯಂ ಹಲಗೆಯ ನೆಲ, ಇಲ್ಲವೇ ಗಟ್ಟಿ ತಳದ ಬೋಟು ಬೇಕು. ಅಲೆ ಬಡಿದಾಗ ಓಡಿಸುವವರ ಮೈಭಾರವೆಲ್ಲ ವೀಲಿನ ಮೇಲೆ ಬೀಳುವುದರಿಂದ ನಾಲ್ಕು ಮರದ ತಿರುಪು ಸಾಲದು, ಆರಪಾರ ಹೋಗುವ 8 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್ 316 ಬೋಲ್ಟುಗಳೇ ಆಗಬೇಕು. ಹಲಗೆ ನೆಲದ ಬೋಟಿನಲ್ಲಿ ಕೆಳಗೆ ಗಾಳಿ ತುಂಬಿದ ಕೀಲ್ ಟ್ಯೂಬ್ ಇರುತ್ತದೆಂಬುದನ್ನು ಮರೆತರೆ ದೊಡ್ಡ ನಷ್ಟ. ಬೋಲ್ಟಿನ ಚೂಪು ತುದಿ ಕೆಳಗೆ ಇಣುಕಿದರೆ ಮೊದಲ ಅಲೆಗೇ ಅದು ಕೀಲನ್ನು ತೂತು ಮಾಡುತ್ತದೆ. ಬೋಲ್ಟಿನ ಗುಂಡು ತಲೆ ಕೆಳಗಿರಲಿ, ನಟ್ ಮೇಲಿರಲಿ. ತಲೆಯ ಮೇಲೆ ಬೋಟಿನ ಬಟ್ಟೆಯದ್ದೇ ಒಂದು ತೇಪೆ ಅಂಟಿಸಿ. ಪ್ಲೈವುಡ್‌ನಲ್ಲಿ ನೇರವಾಗಿ 8 ಮಿ.ಮೀ. ಕೊರೆಯದೆ 12 ಮಿ.ಮೀ. ಕೊರೆದು, ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ 8 ಕೊರೆಯಿರಿ. ನೀರು ಮರದ ಪದರಕ್ಕೆ ಇಳಿಯುವುದಿಲ್ಲ. ಟ್ರಾನ್ಸಮ್‌ನಲ್ಲಿ ಮಾಡುವ ಪ್ರತಿ ರಂಧ್ರಕ್ಕೂ ಇದೇ ಉಪಚಾರ.

ಕೇಬಲ್ಲನ್ನು ಟ್ಯೂಬಿನ ಪಕ್ಕದಲ್ಲಿ ಒಯ್ಯಲು ಅಂಟಿಸುವ ಪಟ್ಟಿಗಳು ಸಿಗುತ್ತವೆ. ಪಿವಿಸಿ ಬೋಟಿಗೆ ಎರಡು ಭಾಗದ ಪಾಲಿಯುರೆಥೇನ್ ಅಂಟು, ಹೈಪಲಾನ್ ಎಂಬ ಕೃತಕ ರಬ್ಬರಿನ ಬೋಟಿಗೆ ಎರಡು ಭಾಗದ ನಿಯೋಪ್ರೀನ್ ಅಂಟು. ಒಂದರ ಅಂಟನ್ನು ಇನ್ನೊಂದಕ್ಕೆ ನಂಬಬೇಡಿ. ಪ್ಲಾಸ್ಟಿಕ್ ಟೈ ಹಾಕಿದ್ದರೆ ಅದರ ಕತ್ತರಿಸಿದ ತುದಿ ಟ್ಯೂಬಿನ ಕಡೆ ಮುಖ ಮಾಡದಿರಲಿ, ಬ್ಲೇಡಿನಂತೆ ಕೊಯ್ಯುತ್ತದೆ.

ಇನ್ನು ಜೋಡಣೆ. ಉಪ್ಪು ನೀರಿನಲ್ಲಿ ಓಡಿದ ಇಂಜಿನ್ ಆದರೆ ಟಿಲ್ಟ್ ಟ್ಯೂಬಿನ ಒಳಗೆ ಒಣಗಿ ಕಂದುಬಣ್ಣಕ್ಕೆ ತಿರುಗಿದ ಹಳೆ ಗ್ರೀಸ್ ಮೇಣದಂತೆ ಕೂತಿರುತ್ತದೆ. ಉದ್ದ ಬ್ರಷ್ಷಿಗೆ ಬಟ್ಟೆ ಸುತ್ತಿ ಈ ತುದಿಯಿಂದ ಆ ತುದಿಗೆ ಎಳೆಯಿರಿ, ಬಟ್ಟೆ ಶುಭ್ರವಾಗಿ ಬರುವವರೆಗೂ. ನೀರಿಗೆ ಕರಗದ ಮರೀನ್ ಗ್ರೀಸನ್ನು ರಾಮ್‌ಗೆ ಬಳಿದು ತೂರಿಸಿ, ದೊಡ್ಡ ನಟ್ಟನ್ನು ಬಿಗಿಯಿರಿ. ಇಂಜಿನ್ ಕೈಪಿಡಿಗಳಲ್ಲಿ ಇದಕ್ಕೆ ಕಾಣುವ ಅಂಕಿ ಸುಮಾರು 47 ನ್ಯೂಟನ್ ಮೀಟರ್. ನಿಮ್ಮದರಲ್ಲಿ ಬೇರೆ ಇದ್ದರೆ ಅದೇ ಸರಿ. ಲಿಂಕ್ ಆರ್ಮ್‌ನ ಎರಡೂ ತುದಿಯ ಜೋಡಣೆಗಳಿಗೆ ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವುದು) ಮಾತ್ರ. ರಾಮ್ ಕಡೆಯ ನಟ್ಟನ್ನು ಪೂರ್ತಿ ಕೂರುವವರೆಗೆ ಬಿಗಿದು ಕಾಲು ಸುತ್ತು ಹಿಂದಕ್ಕೆ ತನ್ನಿ. ಅಲ್ಲಿ ಲಿಂಕ್ ಆಡಬೇಕು, ಕುಣಿಯಬಾರದು. ಸಾದಾ ನಟ್ಟಿಗೆ ಸ್ಪ್ರಿಂಗ್ ವಾಷರ್ ಹಾಕಿ ನಂಬಿದರೆ ಇಂಜಿನ್ನಿನ ನಡುಕಕ್ಕೆ ಅದು ಬಿಚ್ಚಿಕೊಂಡು ಹೋಗುತ್ತದೆ, ಓಟದ ನಡುವೆ ವೀಲಿಗೂ ಇಂಜಿನ್ನಿಗೂ ಸಂಬಂಧವೇ ತಪ್ಪುತ್ತದೆ. ಒಮ್ಮೆ ಬಿಚ್ಚಿದ ನೈಲಾಕ್ ನಟ್ಟನ್ನು ಮತ್ತೆ ಹಾಕಬೇಡಿ.

ಟಿಲ್ಲರ್ ಇಂಜಿನ್‌ಗೆ ಸ್ಟಿಯರಿಂಗ್ ಬಿಗಿ ಮಾಡುವ ತಿರುಪು ಇರುತ್ತದೆ, ಅದನ್ನು ಪೂರ್ತಿ ಸಡಿಲಿಸಬೇಕು. ವೀಲ್ ಭಾರವಾಗಿದೆ ಎಂಬ ದೂರುಗಳಲ್ಲಿ ಎಷ್ಟೋ ಈ ಒಂದು ತಿರುಪಿನಿಂದ ಬರುತ್ತವೆ.

ಗೇರ್ ಮತ್ತು ಥ್ರಾಟಲ್ ಕೇಬಲ್‌ಗಳಿಗೆ ಆ ಇಂಜಿನ್ ಮಾಡೆಲ್‌ನ ರಿಮೋಟ್ ಕಿಟ್ (ಕನ್ಸೋಲ್‌ನಿಂದ ನಡೆಸಲು ಬೇಕಾದ ಜೋಡಣೆ ಸಾಮಾನು) ಬೇಕು. ಕಿಲ್ ಸ್ವಿಚ್ಚಿನ (ಕ್ಲಿಪ್ ಕಿತ್ತರೆ ಇಂಜಿನ್ ನಿಲ್ಲಿಸುವ ಸ್ವಿಚ್) ಕ್ಲಿಪ್ ಕಿತ್ತಿಟ್ಟು ಮೊದಲು ಗೇರ್ ಕೇಬಲ್ ಹೊಂದಿಸಿ, ಆಮೇಲೆ ಥ್ರಾಟಲ್. ಇಂಜಿನ್ ನಿಂತಿರುವಾಗ ಗೇರ್ ಹಾಕುವಾಗ ಪ್ರೊಪೆಲ್ಲರನ್ನು ಕೈಯಲ್ಲಿ ಮೆಲ್ಲನೆ ತಿರುಗಿಸುತ್ತಿರಿ. ಇಲ್ಲದಿದ್ದರೆ ಗೇರ್ ಹಲ್ಲುಗಳು ಮುಖಾಮುಖಿಯಾಗಿ ನಿಂತು, ಹೊಂದಾಣಿಕೆಯೇ ತಪ್ಪಾಗಿದೆ ಎಂಬ ಭ್ರಮೆ ಬರುತ್ತದೆ. ಲಿವರ್ ನ್ಯೂಟ್ರಲ್‌ನಲ್ಲಿದ್ದಾಗ ಪ್ರೊಪೆಲ್ಲರ್ ಎರಡೂ ಕಡೆ ಸಲೀಸಾಗಿ ತಿರುಗಬೇಕು. ಮುಂದಕ್ಕೂ ಹಿಂದಕ್ಕೂ ಸಮ ದೂರ ಸರಿದಾಗ ಗೇರ್ ಕಚ್ಚಬೇಕು. ಕೇಬಲ್ ತುದಿಯ ಜಾಯಿಂಟ್ ಮರೆಯ ಮೇಲೆ ಕನಿಷ್ಠ 8 ಮಿ.ಮೀ. ಕೂತಿರಲಿ. ಗೇರಿನಲ್ಲಿದ್ದಾಗ ಸ್ಟಾರ್ಟ್ ಆಗದಂತೆ ತಡೆಯುವ ನ್ಯೂಟ್ರಲ್ ಸ್ವಿಚ್, ಕನ್ಸೋಲ್ ಹತ್ತಿರ ಹಗ್ಗದ ಕಿಲ್ ಸ್ವಿಚ್, ಎರಡೂ ಇಲ್ಲದೆ ಈ ಕೆಲಸ ಮುಗಿದಂತಲ್ಲ.

ಬ್ಯಾಟರಿಯನ್ನು ಕನ್ಸೋಲ್ ಕೆಳಗೆ ತಂದರೆ ಹಿಂಭಾಗದ ಭಾರ ಇಳಿಯುತ್ತದೆ, ಆದರೆ ತಂತಿ ಉದ್ದವಾಗುತ್ತದೆ. ಹೋಗಿಬರುವ ಒಟ್ಟು 6 ಮೀಟರ್ ತಾಮ್ರದಲ್ಲಿ, ಸ್ಟಾರ್ಟರ್ 100 ಆಂಪ್ ಎಳೆದರೆ, 16 ಚದರ ಮಿ.ಮೀ. ತಂತಿಯಲ್ಲಿ ಸುಮಾರು 0.66 ವೋಲ್ಟ್ ಕಳೆದುಹೋಗುತ್ತದೆ. 25 ಚದರ ಮಿ.ಮೀ. ತಂತಿಯಲ್ಲಿ 0.42. ಬ್ಯಾಟರಿ ಹೊಸದಿದ್ದಾಗ ಎರಡೂ ಒಂದೇ ಅನ್ನಿಸುತ್ತದೆ. ಬ್ಯಾಟರಿ ದಣಿದ ಬೆಳಗ್ಗೆ ದಪ್ಪ ತಂತಿಯ ಬೆಲೆ ಗೊತ್ತಾಗುತ್ತದೆ.

ನೀರಿಗಿಳಿಸುವ ಮೊದಲು ವೀಲನ್ನು ಈ ಕೊನೆಯಿಂದ ಆ ಕೊನೆಗೆ, ಇಂಜಿನ್ ಇಳಿಸಿ ಒಮ್ಮೆ, ಪೂರ್ತಿ ಎತ್ತಿ ಒಮ್ಮೆ ತಿರುಗಿಸಿ. ಪೆಟ್ರೋಲ್ ಹೋಸ್ ಸಿಕ್ಕಿಕೊಳ್ಳುತ್ತದೆಯೇ, ಲಿಂಕ್ ಆರ್ಮ್ ಗಾಳಿ ಟ್ಯೂಬಿಗೆ ಉಜ್ಜುತ್ತದೆಯೇ ನೋಡಿ. ನೀರಿನಲ್ಲಿ ಮೊದಲ ಓಟ ನಿಧಾನಕ್ಕೇ. ಓಡಿಸುವವರು ಮುಂದೆ ಬಂದದ್ದರಿಂದ ಮೂತಿ ಕೆಳಗಾದಂತೆ ಕಂಡರೆ ಇಂಜಿನ್ನಿನ ಓರೆ ಹೊಂದಿಸುವ ಟ್ರಿಮ್ ಪಿನ್ನನ್ನು ಒಂದು ರಂಧ್ರ ಹೊರಕ್ಕೆ ಹಾಕಿ. ಬೋಟು ಬಲಕ್ಕೆ ಎಳೆಯುತ್ತಿದ್ದರೆ ಪ್ರೊಪೆಲ್ಲರ್ ಮೇಲಿನ ಸಣ್ಣ ರೆಕ್ಕೆಯಂಥ ಟ್ರಿಮ್ ಟ್ಯಾಬ್‌ನ ಹಿಂತುದಿಯನ್ನು ಬಲಕ್ಕೇ ಸ್ವಲ್ಪ ತಿರುಗಿಸಿ, ಎಡಕ್ಕೆ ಎಳೆದರೆ ಎಡಕ್ಕೆ. ಮೊದಲ ಓಟ ಮುಗಿದ ಮೇಲೆ ಎಲ್ಲ ನಟ್‌ಗಳಿಗೂ ಮತ್ತೊಮ್ಮೆ ಸ್ಪ್ಯಾನರ್ ಇಟ್ಟು ನೋಡಿ.

ಮುಂದೆಂದಾದರೂ ವೀಲ್ ಬಿಗಿಯಾದರೆ ಲಿಂಕ್ ಆರ್ಮ್ ಬಿಚ್ಚಿ ಇಂಜಿನ್ನನ್ನು ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಿದರೆ ದೋಷ ಕೇಬಲ್ ಅಥವಾ ಟಿಲ್ಟ್ ಟ್ಯೂಬಿನದು; ಆಗಲೂ ಬಿಗಿಯಿದ್ದರೆ ಇಂಜಿನ್ನಿನ ಸ್ಟಿಯರಿಂಗ್ ಅಚ್ಚಿಗೆ ಗ್ರೀಸ್ ಬೇಕು. ಟಿಲ್ಟ್ ಟ್ಯೂಬಿಗೆ ಅಥವಾ ಕೇಬಲ್‌ಗೆ ಗ್ರೀಸ್ ನಿಪ್ಪಲ್ ಇದ್ದರೆ ರಾಮ್ ಪೂರ್ತಿ ಒಳಗೆ ಸೇರಿಕೊಂಡಿರುವಾಗ ಮಾತ್ರ ಗ್ರೀಸ್ ಗನ್ ಹಿಡಿಯಬೇಕು. ರಾಮ್ ಚಾಚಿದಾಗ ತುಂಬಿದ ಗ್ರೀಸ್ ಹಿಂದೆ ಸರಿಯಲು ಜಾಗ ಸಿಗದೆ ಗೋಡೆಯಂತೆ ನಿಲ್ಲುತ್ತದೆ, ಸ್ಟಿಯರಿಂಗ್ ಅಲ್ಲೇ ಬೀಗ ಬೀಳುತ್ತದೆ.

ಬೋಟನ್ನು ಕೆಲವು ದಿನ ನಿಲ್ಲಿಸುವುದಾದರೆ ರಾಮ್ ಒಳಗೆ ಸೇರುವ ಕಡೆಗೆ ವೀಲ್ ತಿರುಗಿಸಿಡಿ. ಬಲಬದಿಯ ಕೇಬಲ್ ಆದರೆ ಪೂರ್ತಿ ಎಡಕ್ಕೆ. ಹೊಳೆಯುವ ಆ ಉಕ್ಕು ಹೊರಗೆ ಚಾಚಿಕೊಂಡಿದ್ದರೆ ಉಪ್ಪು ಕೂರುವುದು ಅದರ ಮೇಲೆಯೇ.