ಕಂಬ ಹತ್ತಿದವನ ಮಾತು

ಮಂಗಳವಾರ ರಾತ್ರಿಯ ಗಾಳಿಗೆ ತೋಟದಂಚಿನ ಒಣ ಮತ್ತಿಮರ ತಂತಿಯ ಮೇಲೆ ಬಿದ್ದು ಊರಿಗೆ ಊರೇ ಕತ್ತಲಾಯಿತು. ಮರುದಿನ ಮಳೆ ಹೊಳವಾಗಿ ಒಳ್ಳೆಯ ಬಿಸಿಲು ಬಂದರೂ, ಮಾಡಿನ ಮೇಲಿನ ನಮ್ಮ 3 ಕಿಲೋವಾಟ್ ಸೋಲಾರಿನಿಂದ ಒಂದು ದೀಪವೂ ಉರಿಯಲಿಲ್ಲ. ಜಗಲಿಯ ಗೋಡೆಯಲ್ಲಿ, ಬಿಸಿಲಿನ ವಿದ್ಯುತ್ತನ್ನು ಮನೆಯ ಕರೆಂಟಾಗಿಸಿ ಲೈನಿಗೆ ಸೇರಿಸುವ ಪೆಟ್ಟಿಗೆಯಾದ ಇನ್ವರ್ಟರಿನ ಕೆಂಪು ದೀಪ ಮಾತ್ರ ಮಿನುಗುತ್ತಿತ್ತು. ಹಾಕಿಕೊಟ್ಟವರು ಸಬ್ಸಿಡಿಯ ಲೆಕ್ಕವನ್ನು ವಿವರವಾಗಿ ಹೇಳಿದ್ದರು, ಇದನ್ನು ಹೇಳಿರಲಿಲ್ಲ, ಹೇಳಬೇಕಿತ್ತು.

ಹನ್ನೊಂದರ ಹೊತ್ತಿಗೆ ಲೈನ್‌ಮನ್ ಬಂದ. ಮೂವತ್ತು ದಾಟದ ಹುಡುಗ, ಹಿಂದಿನ ರಾತ್ರಿಯಿಂದ ನಿದ್ದೆ ಮಾಡಿರಲಿಲ್ಲ. "ಇಷ್ಟು ಬಿಸಿಲಿದ್ದೂ ನಮ್ಮನೆಗೆ ಕರೆಂಟಿಲ್ಲವಲ್ಲಪ್ಪ, ಇದೆಂಥಾ ವ್ಯವಸ್ಥೆ?" ಎಂದು ಖಾರವಾಗಿಯೇ ಕೇಳಿದೆ. ಅವನು ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತ, "ನಿಮ್ಮ ಪೆಟ್ಟಿಗೆ ಬಂದ್ ಆಗಿದೆ ಅಂತಲೇ ನಾನು ಈ ಕಂಬ ಹತ್ತೋದು, ಮೇಷ್ಟ್ರೇ" ಎಂದ.

ಆ ಮಾತು ಈ ವಾರವಿಡೀ ಕಿವಿಯಲ್ಲಿದೆ. ಲೈನಿನಲ್ಲಿ ಸೆಕೆಂಡಿಗೆ 50 ಆವರ್ತದ ಮಿಡಿತ ಕಂಡರಷ್ಟೇ ನಮ್ಮ ಇನ್ವರ್ಟರ್ ಅದರ ತಾಳಕ್ಕೆ ಸೇರಿಕೊಂಡು ವಿದ್ಯುತ್ತು ಕೊಡುತ್ತದೆ; ಮಿಡಿತ ನಿಂತರೆ ತಾನೂ ನಿಲ್ಲುತ್ತದೆ. ನಿಲ್ಲದಿದ್ದರೆ, ಸತ್ತಿದೆಯೆಂದು ನಂಬಿ ಅವನು ಮುಟ್ಟುವ ತಂತಿಯಲ್ಲಿ ನಮ್ಮ ಮನೆಯ ಬಿಸಿಲು ಹರಿಯುತ್ತಿರುತ್ತದೆ. ನಾನು ವ್ಯವಸ್ಥೆಯ ದೋಷವೆಂದು ಬೈದದ್ದು ಅವನ ಜೀವದ ಕಾವಲಾಗಿತ್ತು.

ಹಾಗಾದರೆ ಆ ತಾಳವನ್ನು ಹಿಡಿದಿರುವವರು ಯಾರು? ಚಿತ್ರದುರ್ಗ, ಗದಗದ ಗುಡ್ಡಗಳ ಗಾಳಿಯಂತ್ರಗಳು ಮುಂಗಾರಿನಲ್ಲಿ ಭರದಿಂದ ತಿರುಗಿ ಆಮೇಲೆ ಸೊರಗುತ್ತವೆ. ಪಾವಗಡದ 2,050 ಮೆಗಾವಾಟ್ ಸೋಲಾರ್, ಮನೆಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಆರಿಹೋಗುತ್ತದೆ. ಬಳಕೆಗೂ ಉತ್ಪಾದನೆಗೂ ಕ್ಷಣಕ್ಷಣವೂ ಹೊಂದಿಕೆಯಾಗದಿದ್ದರೆ 50ರ ಮಿಡಿತ ತಪ್ಪುತ್ತದೆ. ಆಗ ಕೆಲವೇ ನಿಮಿಷಗಳಲ್ಲಿ ಏರಿಸಲು, ಇಳಿಸಲು ಬರುವುದು ನೀರಿನ ಯಂತ್ರಗಳನ್ನು. ನಮ್ಮ ಶರಾವತಿ ವಿದ್ಯುದಾಗಾರದ 10 ಯಂತ್ರಗಳು, ಒಟ್ಟು 1,035 ಮೆಗಾವಾಟ್, ಆ ಕೆಲಸಕ್ಕೆ ಒದಗುತ್ತವೆ. ತಿರುಗುವ ಅವುಗಳ ಭಾರವೇ ಮಿಡಿತವನ್ನು ತಟ್ಟನೆ ಕುಸಿಯದಂತೆ ತಡೆಯುತ್ತದೆ. ಅದಕ್ಕಾಗಿ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಗದ್ದೆ, ತೋಟ, ದೇವಸ್ಥಾನ ಮುಳುಗಿಸಿಕೊಂಡು ಎದ್ದುಬಂದವರ ಮಕ್ಕಳಲ್ಲಿ ಹಲವರು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ.

ಈಗ ಅದೇ ಶರಾವತಿ ಕಣಿವೆಯ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಮಾಡುವ ಪ್ರಸ್ತಾಪವಿದೆ. ವಿದ್ಯುತ್ತು ಮಿಕ್ಕಾಗ ನೀರನ್ನು ಮೇಲಕ್ಕೆತ್ತಿ, ಬೇಕಾದಾಗ ಕೆಳಗಿಳಿಸುವುದು. 100 ಯೂನಿಟ್ ಸುರಿದರೆ 75ರಿಂದ 80 ಮರಳುತ್ತದೆ. ಬಿಸಿಲನ್ನೂ ಗಾಳಿಯನ್ನೂ ಕೂಡಿಡುವ ಅಗತ್ಯವನ್ನು ನಾನು ಅಲ್ಲಗಳೆಯಲಾರೆ. ಆದರೆ ಆ ಜಾಗ ಸಿಂಗಳೀಕಗಳ ಕಾಡು. ಬಿಸಿಲು ಬೀಳುವ ಬಯಲಿನಲ್ಲೇ ಬ್ಯಾಟರಿಗಳನ್ನಿಟ್ಟು ಎಷ್ಟು ಸಾಧ್ಯವೆಂದು ಮೊದಲು ನೋಡಲಿ. ಕೂಡಿಡುವ ಭಾರವನ್ನೂ ಒಮ್ಮೆ ಮುಳುಗಿದ ಕಣಿವೆಯ ತಲೆಗೇ ಕಟ್ಟುವುದು ನ್ಯಾಯವಲ್ಲ.

ಮಧ್ಯಾಹ್ನ ಎರಡೂವರೆಗೆ ಕರೆಂಟು ಬಂತು. ಇನ್ವರ್ಟರ್ ಕೂಡಲೇ ಶುರುವಾಗದೆ ಕೆಲವು ನಿಮಿಷ ಲೈನನ್ನು ಗಮನಿಸುತ್ತಿದ್ದು, ಆಮೇಲೆ ಹಸಿರು ದೀಪ ತೋರಿಸಿತು. ಹುಡುಗ ಅಷ್ಟರಲ್ಲಿ ಕಂಬದಿಂದಿಳಿದು, ಕೊಟ್ಟ ಮಜ್ಜಿಗೆಯನ್ನು ನಿಂತೇ ಕುಡಿದು, ಏಣಿ ಹೊತ್ತು ಮುಂದಿನ ಊರಿನ ದಾರಿ ಹಿಡಿದಿದ್ದ.